ಸುಳಿ ಮತ್ತು ಗೊರಸು

ಪುಣೆಯ ಕೋಥರೂಡಿನಲ್ಲಿ, ವೇತಾಳ ಗುಡ್ಡದ ಇಳಿಜಾರಿಗೆ ಮುಖಮಾಡಿದ ಹಳೆಯ ಮನೆಯೊಂದರ ಅಂಗಳ. ಮಾವಿನ ಮರದ ನೆರಳಿನಲ್ಲಿ ನಾಲ್ಕು ಉಬ್ಬು ಟೈರುಗಳ, ಹ್ಯಾಂಡಲ್ಲುಳ್ಳ, ಛಾವಣಿಯಿಲ್ಲದ ಬಂಡಿಯೊಂದು ನಿಂತಿದೆ. ಅದರ ಮುಂಭಾಗ ಜಾಕಿನ ಮೇಲೆ ಎದ್ದಿದೆ. ಹಿರಿಯರು ವಿಜಯಪುರದ ಕಡೆಯವರು, ಮೋಟಾರು ವಾಹನ ನಿರೀಕ್ಷಕರಾಗಿ ಮೂರು ದಶಕ ದುಡಿದು, ಈಗ ಮಗನ ಮನೆಯಲ್ಲಿ ವಿಶ್ರಾಂತರಾಗಿರುವವರು. ತರುಣನೂ ಅದೇ ಸೀಮೆಯವನು; ಚಾಕಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು; ಸಾಸವಡದ ಆಚೆ ಎರಡೆಕರೆ ಅಂಜೂರದ ತೋಟ ಮಾಡಿದ್ದಾನೆ.

ತರುಣ — ಕಾಕಾ, ಬೆಳಗಿನಿಂದ ಇದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದಿರಿ. ಎಂಜಿನು ಮಾತ್ರ ಚಾಲೂ ಮಾಡಿಸಲೇ ಇಲ್ಲ. ಇದನ್ನು ಮಾರಿದವನು ಗಿರಿಧಾಮವೊಂದರಲ್ಲಿ ಪ್ರವಾಸಿಗರಿಗೆ ಸುತ್ತು ಹೊಡೆಸುತ್ತಿದ್ದವನು; ಧಂದೆ ಮುಚ್ಚಿದನೆಂದು ಕಡಿಮೆಗೆ ಸಿಕ್ಕಿತು. ನನ್ನ ಪ್ರಶ್ನೆ ಒಂದೇ: ಈ ಕ್ವಾಡ್ ಬೈಕಿಗೆ ಪಾಸಿಂಗ್ ಮಾಡಿಸಿ, ನಂಬರು ಹಾಕಿಸಿ, ತೋಟದಿಂದ ಸಾಸವಡದ ಪೇಟೆಗೆ ಹಣ್ಣಿನ ಬುಟ್ಟಿ ಹೇರಿಕೊಂಡು ಹೋಗಬಹುದೋ, ಇಲ್ಲವೋ?

ಹಿರಿಯರು — ಎಂಜಿನು ಕೆಟ್ಟರೆ ಬಂಡಿ ನಿಲ್ಲುತ್ತದೆ, ತಮ್ಮಾ. ನಿಂತ ಬಂಡಿಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ನಾನು ನೋಡುತ್ತಿರುವುದು ಅದು ನಿಲ್ಲಬೇಕೆಂದಾಗ ನಿಲ್ಲುವುದೋ, ತಿರುಗಬೇಕೆಂದಾಗ ತಿರುಗುವುದೋ ಎಂಬುದನ್ನು. ಇನ್ನು ನಿನ್ನ ಪ್ರಶ್ನೆ. ಪಾಸಿಂಗ್ ಎನ್ನುವ ಮಾತನ್ನು ಈ ಊರಿನ ರಿಕ್ಷಾವಾಲರಿಂದ ಕಲಿತೆಯಷ್ಟೆ? ನಮ್ಮ ಕಡೆಯವರು ಎಫ್‌ಸಿ ಎನ್ನುತ್ತಾರೆ. ಇಲ್ಲಿಯ ಕಚೇರಿಯ ಕಾಗದದಲ್ಲಿ ಅದು ಯೋಗ್ಯತಾ ಪ್ರಮಾಣಪತ್ರ. ಮೂರರಲ್ಲಿ ಮೊದಲನೆಯದೇ ಪ್ರಾಮಾಣಿಕವಾದ ಹೆಸರೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಏಕೆಂದರೆ ಬಂಡಿ ಯೋಗ್ಯವಾಯಿತೆಂದು ಅದು ಎಲ್ಲಿಯೂ ಸಾಧಿಸುವುದಿಲ್ಲ, ಅಂದು ಆ ಬಾಗಿಲನ್ನು ದಾಟಿತು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆದರೆ ಇದಕ್ಕೆ ದಾಟಲು ಬಾಗಿಲೇ ಇಲ್ಲವಲ್ಲ.

ತರುಣ — ಇಲ್ಲವೆಂದರೆ? ನಾಲ್ಕು ಚಕ್ರವುಂಟು, ಎಂಜಿನುಂಟು, ದೀಪವುಂಟು.

ಹಿರಿಯರು — ಅಷ್ಟು ಸಾಲದು. 1988ರ ಮೋಟಾರು ವಾಹನ ಕಾಯಿದೆಯ 39ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದ ಬಂಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ನೋಂದಣಿಯಾಗಬೇಕಾದರೆ ಆ ಮಾದರಿಯ ಬಂಡಿಗೆ ಮೊದಲೇ ಅನುಮೋದನೆ ದೊರೆತಿರಬೇಕು. ಅನುಮೋದನೆ ದೊರೆಯಬೇಕಾದರೆ ಅದು ನಿಯಮದಲ್ಲಿ ಹೇಳಿದ ಯಾವುದಾದರೊಂದು ವರ್ಗಕ್ಕೆ ಸೇರಿರಬೇಕು. ಆ ಅನುಮೋದನೆಯನ್ನು ಕೊಡತಕ್ಕವರು ನಿನ್ನ ಬೆನ್ನ ಹಿಂದಿನ ಗುಡ್ಡದ ಮೇಲೆಯೇ ಇದ್ದಾರೆ, 1966ರಿಂದ, ಎ.ಆರ್.ಎ.ಐ. ಎಂದರೆ ಕೋಥರೂಡಿನ ಹುಡುಗರಿಗೂ ಗೊತ್ತು. ಭೋಸರಿಯಲ್ಲಿ ಸಿ.ಐ.ಆರ್.ಟಿ. ಎಂಬ ಇನ್ನೊಂದು ಸಂಸ್ಥೆಯಿದೆ. ಹೀಗೆ ದೇಶದ ಬಂಡಿಗಳಿಗೆ ಜಾತಕ ಬರೆಯುವ ಊರಿನಲ್ಲಿಯೇ ನೀನು ಜಾತಕವಿಲ್ಲದ ಬಂಡಿಯೊಂದನ್ನು ತಂದು ನಿಲ್ಲಿಸಿಕೊಂಡಿದ್ದೀಯೆ.

ತರುಣ — ಆದರೆ ಬಜಾಜರ ಕ್ಯೂಟ್‌ಗೆ ಜಾತಕ ಸಿಕ್ಕಿತಲ್ಲ, ಕಾಕಾ? ಅದೂ ಕ್ವಾಡ್ರಿಸೈಕಲ್ಲೇ ಅಲ್ಲವೆ?

ಹಿರಿಯರು — ಸಿಕ್ಕಿತು. ಎಷ್ಟು ಕಾಲಕ್ಕೆ ಸಿಕ್ಕಿತೆಂಬುದನ್ನೂ ನೆನೆ. 2012ರ ಜನವರಿಯಲ್ಲಿ ದಿಲ್ಲಿಯ ವಾಹನ ಪ್ರದರ್ಶನದ ಹೊತ್ತಿಗೆ ಆರ್‌ಇ 60 ಎಂಬ ಹೆಸರಿನಿಂದ ಅದರ ಮುಸುಕು ತೆಗೆದರು; ಕ್ವಾಡ್ರಿಸೈಕಲ್ ಎಂಬ ಹೊಸ ವರ್ಗವನ್ನು ಕೂಡಿಸಿದ್ದಾಯಿತು, ಅದರ ಮೇಲೆ ನ್ಯಾಯಾಲಯಗಳಲ್ಲಿ ವ್ಯಾಜ್ಯ ನಡೆದದ್ದಾಯಿತು; ಖಾಸಗಿಯವರೂ ಅದನ್ನು ಇಟ್ಟುಕೊಳ್ಳಬಹುದೆಂಬ ಅಧಿಸೂಚನೆ ಹೊರಟದ್ದು 2018ರ ನವೆಂಬರಿನಲ್ಲಿ. 216 ಸಿ.ಸಿ. ಎಂಜಿನಿನ, ಗಂಟೆಗೆ 70 ಕಿಲೋಮೀಟರು ಮೀರದ ಆ ಪುಟ್ಟ ಬಂಡಿಗೆ, ಆಕುರ್ಡಿಯಲ್ಲಿ ಪ್ರಧಾನ ಕಚೇರಿಯುಳ್ಳ ಅಷ್ಟು ದೊಡ್ಡ ಮನೆತನ ಬೆನ್ನಿಗಿದ್ದೂ ಸುಮಾರು ಏಳು ವರ್ಷ ಹಿಡಿಯಿತು. ಅದಕ್ಕೆ ಛಾವಣಿಯಿದೆ, ಬಾಗಿಲಿದೆ, ಸೀಟ್ ಬೆಲ್ಟಿದೆ; ಆದರೂ 2016ರಲ್ಲಿ ಯುರೋಪಿನ ಎನ್‌ಕ್ಯಾಪ್‌ನವರು ಗೋಡೆಗೆ ಹಾಯಿಸಿ ನೋಡಿ ಒಂದೇ ನಕ್ಷತ್ರ ಕೊಟ್ಟರು. ನಿನ್ನ ಈ ದಿಗಂಬರನಿಗೆ ಏನು ಕೊಡುತ್ತಿದ್ದರೋ!

ತರುಣ — ಪೊಲಾರಿಸ್ ಕಂಪನಿಯವರ ಕ್ವಾಡ್ ರಸ್ತೆಗೆ ಬಂದಿದೆಯೆಂದು ಓದಿದ ನೆನಪು.

ಹಿರಿಯರು — ಬಂದಿದೆ. ಬಂದ ಬಗೆಯನ್ನು ಕೇಳಿದರೆ ನಗುತ್ತೀಯೆ. 2020ರಲ್ಲಿ ಆ ಅಮೆರಿಕದ ಕಂಪನಿಯವರು ಸ್ಪೋರ್ಟ್ಸ್‌ಮನ್ 570 ಎಂಬ ತಮ್ಮ ಬಂಡಿಯನ್ನು ಟ್ರಾಕ್ಟರಿನ ವರ್ಗದಲ್ಲಿ ಅನುಮೋದನೆ ಮಾಡಿಸಿ ಇಲ್ಲಿ ಮಾರಿದರು. ಕುದುರೆಯನ್ನು ಎತ್ತೆಂದು ಬರೆಯಿಸಿ ಸಂತೆಗೆ ಹೊಡೆದಂತಾಯಿತು. ನಾನು ಅದನ್ನು ತಪ್ಪೆನ್ನುವುದಿಲ್ಲ. ವರ್ಗವೇ ಇಲ್ಲದಲ್ಲಿ ಹತ್ತಿರದ ವರ್ಗವನ್ನು ಆಶ್ರಯಿಸುವುದು ಲೋಕಾರೂಢಿ. ಆದರೆ ಅದು ಕಂಪನಿ ತನ್ನ ಖರ್ಚಿನಿಂದ ಒಂದು ಮಾದರಿಗೆ ಮಾಡಿಸಿಕೊಂಡದ್ದು. ನೀನು ತಂದ ಹಳೆಯ ಬಂಡಿಗೆ ಆ ದಾರಿ ತೆರೆಯದು. ಇದು ನಿನ್ನ ತೋಟದ ಬೇಲಿಯೊಳಗೆ ಮಾತ್ರ ಓಡಬಹುದು. ಇಷ್ಟಕ್ಕೆ ಮಾತು ಮುಗಿಯಿತೆನ್ನುವೆಯಾದರೆ ಚಹಾ ಹೇಳುತ್ತೇನೆ.

ತರುಣ — ಚಹಾ ಆಗಲಿ, ಮಾತು ಮುಗಿಯುವುದು ಬೇಡ. ಕಾಗದ ಸಿಗದಿದ್ದರೂ ಇದರ ಯೋಗ್ಯತೆಯೇನೆಂದು ತಿಳಿಯಬೇಕಲ್ಲ? ಕಚೇರಿಯಲ್ಲಿ ಹೇಗೆ ನೋಡುತ್ತಿದ್ದಿರೋ ಹಾಗೆಯೇ ನೋಡಿಬಿಡಿ.

ಹಿರಿಯರು — ಕಚೇರಿಯಲ್ಲಿ ನೋಡಿದ ಹಾಗೆ ನೋಡಿದರೆ ನಿನಗೆ ಉಪಯೋಗವಾಗದು. 1989ರ ನಿಯಮಾವಳಿಯ 62ನೆಯ ನಿಯಮದಲ್ಲಿ ಪರಿಶೀಲಿಸಬೇಕಾದುವುಗಳ ಪಟ್ಟಿಯಿದೆ; ಅದು ಸ್ಪಾರ್ಕ್ ಪ್ಲಗ್ಗಿನಿಂದ ಆರಂಭವಾಗುತ್ತದೆ. ಪ್ಲಗ್ಗಿನ ಟೊಪ್ಪಿಗೆ ಸರಿಯಿಲ್ಲದಿದ್ದರೆ ಅದರ ಕಿಡಿಯಿಂದ ನೆರೆಹೊರೆಯ ರೇಡಿಯೋದಲ್ಲಿ ಕರಕರ ಶಬ್ದ ಬರುತ್ತಿದ್ದ ಕಾಲದ ಚಿಂತೆ ಅದು. ಆ ಬಳಿಕ ಹೆಡ್‌ಲೈಟಿನ ಕಿರಣ, ಉಳಿದ ದೀಪ, ಪ್ರತಿಫಲಕ, ಬಲ್ಬು, ಹಿನ್ನೋಟದ ಕನ್ನಡಿ, ಗಾಜು, ಹಾರ್ನು, ಸೈಲೆನ್ಸರು, ವೈಪರು, ಹೊಗೆ. ಇಷ್ಟೆಲ್ಲ ಮುಗಿದು ನಿರೀಕ್ಷಕ ಬೆವರೊರೆಸಿಕೊಳ್ಳುವ ಹೊತ್ತಿಗೆ ಬ್ರೇಕು, ಸ್ಪೀಡೋಮೀಟರು, ಸ್ಟಿಯರಿಂಗು. ಸ್ಟಿಯರಿಂಗು ಕಟ್ಟಕಡೆಗೆ! ನಮ್ಮೂರ ದನದ ಸಂತೆಯಲ್ಲಿ ಎತ್ತು ಕೊಳ್ಳುವವರನ್ನು ನೀನು ನೋಡಿರಬೇಕು. ಕೆಲವರು ಹಣೆಯ ಸುಳಿ ನೋಡುತ್ತಾರೆ, ಬೆನ್ನಿನ ಸುಳಿ ನೋಡುತ್ತಾರೆ, ಬಾಲದ ಬುಡದ ಸುಳಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ. ಅನುಭವಸ್ಥನಾದ ಒಕ್ಕಲಿಗ ಮಾತ್ರ ಕುಳಿತು ಗೊರಸನ್ನು ಎತ್ತಿ ನೋಡಿ, ಅನಂತರ ಹತ್ತು ಹೆಜ್ಜೆ ನಡೆಸಿ ಎಂದು ಹೇಳುತ್ತಾನೆ. ದೀಪ ಹಾರ್ನು ಕನ್ನಡಿಗಳು ಸುಳಿಗಳು. ಕಣ್ಣಿಗೆ ಕಾಣುತ್ತವೆ, ಪಟ್ಟಿಯಲ್ಲಿ ಗುರುತು ಹಾಕಲು ಅನುಕೂಲ. ಬಾ, ಗೊರಸು ನೋಡೋಣ. ಈ ಎಡಗಡೆಯ ಮುಂದಿನ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸು.

ತರುಣ — ಕಟಕಟ ಎನ್ನುತ್ತದೆ. ಸ್ವಲ್ಪ ಪ್ಲೇ ಇದೆ.

ಹಿರಿಯರು — ಬೇರಿಂಗಿನದೋ, ಬಾಲ್ ಜಾಯಿಂಟಿನದೋ?

ತರುಣ — ಬಿಚ್ಚದೆ ಹೇಗೆ ಹೇಳುವುದು?

ಹಿರಿಯರು — ಬಿಚ್ಚಬೇಕಾಗಿಲ್ಲ. ನಾನು ಮುಂದಿನ ಬ್ರೇಕನ್ನು ಹಿಡಿಯುತ್ತೇನೆ. ಹಿಡಿದಾಗ ಚಕ್ರದ ಗುಂಬವೂ ಅದನ್ನು ಹೊತ್ತ ತೋಳಿನ ತುದಿಯೂ ಒಂದಾಗಿ ಬಿಗಿದುಕೊಳ್ಳುತ್ತವೆ. ಆಗ ಅಲುಗಾಟ ನಿಂತುಹೋದರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟಿನದು. ಈಗ ಅಲುಗಿಸು.

ತರುಣ — ನಿಲ್ಲಲಿಲ್ಲ. ಮೊದಲಿನಷ್ಟೇ ಇದೆ.

ಹಿರಿಯರು — ಹಾಗಾದರೆ ಕೆಳಗಿನ ಬಾಲ್ ಜಾಯಿಂಟು ಸವೆದಿದೆ. ಅದರ ರಬ್ಬರಿನ ಟೊಪ್ಪಿಗೆಯನ್ನು ನೋಡು, ಹರಿದಿದೆ. ಕೆಸರು ಒಳಗೆ ಹೋಗಿ ಗ್ರೀಸಿನೊಡನೆ ಬೆರೆತು ಅರೆಯುವ ಗಂಧದಂತಾಗಿದೆ. ಆ ಗುಂಡು ಒಂದು ದಿನ ತನ್ನ ಬಟ್ಟಲಿನಿಂದ ಕಳಚಿಕೊಂಡರೆ ಚಕ್ರ ಅಡ್ಡ ಮಲಗುತ್ತದೆ, ಬಂಡಿ ಮೂಗು ನೆಲಕ್ಕೂರಿ ಪಲ್ಟಿ ಹೊಡೆಯುತ್ತದೆ. ಈಗ ಎಡಬಲಕ್ಕೆ ಹಿಡಿದು ಅಲುಗಿಸು: ಅದು ಟೈ ರಾಡ್ ಎಂಡಿನ ಪರೀಕ್ಷೆ. ಇದರಲ್ಲಿಯೂ ಕೊಂಚ ಸಡಿಲವಿದೆ, ಕೇಳಿತೆ? ನಿಯಮದ ಪ್ರಕಾರ ಸ್ಟಿಯರಿಂಗ್ ಚಕ್ರದಲ್ಲಿ 30 ಡಿಗ್ರಿಯವರೆಗಿನ ಸಡಿಲ ಕ್ಷಮ್ಯ. ಆ ಅಳತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ನಾಲ್ಕು ಸುತ್ತು ತಿರುಗುವ ಲಾರಿಯ ಚಕ್ರಕ್ಕೆ ಹೊಂದುತ್ತದೆ. ನಿನ್ನ ಹ್ಯಾಂಡಲ್ ಪೂರ್ತಿ ತಿರುಗುವುದೇ ಒಂದು ಪಕ್ಕಕ್ಕೆ ನಲವತ್ತು ಡಿಗ್ರಿಯಷ್ಟೋ ಏನೋ; ಅದರಲ್ಲಿ 30 ಡಿಗ್ರಿ ಸಡಿಲವಿದ್ದರೆ ಬಂಡಿಯನ್ನು ನಡೆಸುವವನು ದೇವರು. ಅಳತೆ ತಪ್ಪಲ್ಲ, ಬೇರೆಯವರ ಮೈಗೆ ಹೊಲಿದ ಅಂಗಿ.

ತರುಣ — ಗಿರಿಧಾಮದ ಮೈದಾನದಲ್ಲಿ ನಿಧಾನವಾಗಿ ಸುತ್ತು ಹೊಡೆದ ಬಂಡಿಗೆ ಇಷ್ಟು ಸವೆತವೇಕೆ, ಕಾಕಾ? ಓಡಿದ ದೂರ ಬಹಳವಿಲ್ಲ.

ಹಿರಿಯರು — ಹಿಂದೆ ಬಾ. ಎರಡು ಚಕ್ರಗಳನ್ನೂ ಕೂಡಿಸುವ ಈ ಅಚ್ಚು ಒಂದೇ ಸರಳು. ನಡುವೆ ಡಿಫರೆನ್ಶಿಯಲ್ ಇಲ್ಲ, ಚೈನು ಎಳೆದಷ್ಟು ಎರಡೂ ಸಮನಾಗಿ ತಿರುಗುತ್ತವೆ. ಬಂಡಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಸಾಗಬೇಕು. ಇದರಲ್ಲಿ ಅದು ಸಾಧ್ಯವಿಲ್ಲ. ಮಣ್ಣಿನ ಮೇಲೆ ಯಾವುದಾದರೊಂದು ಟೈರು ಜಾರಿ ಲೆಕ್ಕ ಸರಿಹೋಗುತ್ತದೆ. ಗಟ್ಟಿ ನೆಲದ ಮೇಲೆ ಜಾರದೆ ಹಟ ಹಿಡಿಯುತ್ತದೆ, ಬಂಡಿ ನೇರ ಹೋಗುತ್ತೇನೆನ್ನುತ್ತದೆ, ಸವಾರ ಹ್ಯಾಂಡಲನ್ನು ಬಲವಂತದಿಂದ ತಿರುಗಿಸುತ್ತಾನೆ, ಆ ಜಗಳದ ಪೆಟ್ಟೆಲ್ಲ ಮುಂದಿನ ಈ ಚಿಕ್ಕ ಗುಂಡುಗಳಿಗೆ ಬೀಳುತ್ತದೆ. ಮೇಲಾಗಿ ಬಾಡಿಗೆಯ ಅಂಗಳವೆಂದರೆ ದಿನಕ್ಕೆ ನಲವತ್ತು ಜನ, ಒಬ್ಬರ ಕೈ ಒಬ್ಬರಂತಿಲ್ಲ, ದಿನವೆಲ್ಲ ಅದೇ ವೃತ್ತ, ಅದೇ ದಿಕ್ಕು. ಎಡ ಸವೆದು ಬಲ ನೆಟ್ಟಗಿರುವುದನ್ನು ನೋಡಿದರೆ ಸುತ್ತು ಯಾವ ದಿಕ್ಕಿನದೆಂದೂ ಊಹಿಸಬಹುದು. ಇನ್ನು ಸಾಯಂಕಾಲವಾಯಿತೆಂದರೆ ಕೆಸರು ಹೋಗಲೆಂದು ಪೈಪಿನಿಂದ ರಭಸದ ನೀರು. ಅದು ಬೇರಿಂಗಿನ ಒಳಗೂ ಹೋಯಿತು, ವಯರಿನ ಜೋಡಣೆಗಳ ಒಳಗೂ ಹೋಯಿತು. ಈ ಕನೆಕ್ಟರನ್ನು ಎಳೆದು ನೋಡು.

ತರುಣ — ಹಸಿರು ಕಿಲುಬು.

ಹಿರಿಯರು — ಇಂಥ ಬಂಡಿಗಳಲ್ಲಿ ಮೊದಲು ಕೈಕೊಡುವುದು ಇದೇ. ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಬ್ರೇಕಿನ ದೀಪ ಹತ್ತಿದರೆ ಆರುವುದಿಲ್ಲ. ಹಾರ್ನು ಮಳೆಗಾಲದಲ್ಲಿ ಮೌನವ್ರತ ಹಿಡಿಯುತ್ತದೆ. ಎರಡನೆಯದು ಈಗ ನೋಡಿದ ಕೀಲುಗಳು ಮತ್ತು ಹಿಂದಿನ ಅಚ್ಚಿನ ಬೇರಿಂಗು. ಮೂರನೆಯದು ಬ್ರೇಕು: ಕ್ಯಾಲಿಪರು ಜಾರಬೇಕಾದ ಪಿನ್ನಿನಲ್ಲಿ ಮಣ್ಣು ಕಟ್ಟಿ ಒಂದು ಪ್ಯಾಡು ಸವೆದು ಕಬ್ಬಿಣ ಕಾಣುತ್ತಿರುತ್ತದೆ, ಅದರ ಜೋಡಿ ಹೊಸದರಂತಿರುತ್ತದೆ. ಆ ಮೇಲೆ ಟೈರು. ಇದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚೊತ್ತಿದ್ದನ್ನು ಓದು. ಹೆದ್ದಾರಿಯ ಬಳಕೆಗಲ್ಲ ಎಂದು ತಯಾರಕನೇ ಕೈತೊಳೆದುಕೊಂಡಿದ್ದಾನೆ. ಕಾರಿನ ಟೈರಿಗೆ ಮೂವತ್ತು ಪೌಂಡು ಗಾಳಿಯಾದರೆ ಇದಕ್ಕೆ ನಾಲ್ಕೈದು ಸಾಕು. ನಮ್ಮ ಪಂಕ್ಚರಿನ ಅಂಗಡಿಯವನು ಅಭ್ಯಾಸಬಲದಿಂದ ಕಾರಿನಷ್ಟೇ ತುಂಬಿಬಿಟ್ಟರೆ ಅದು ಚೆಂಡಿನಂತೆ ಉಬ್ಬಿ, ನಡುವಿನ ಒಂದು ಪಟ್ಟಿಯ ಮೇಲೆ ಮಾತ್ರ ನಿಂತು, ಬ್ರೇಕು ಹಿಡಿದಾಗ ಪುಟಿಯುತ್ತದೆ.

ತರುಣ — ನಾನು ಕಾಲೇಜಿನಲ್ಲಿದ್ದಾಗ ಬಾಹಾ ಸ್ಪರ್ಧೆಗೆ ಇಂಥದೇ ಬಂಡಿ ಕಟ್ಟಿದ್ದೆವು, ಕಾಕಾ. ಪುಣೆಯ ಕಾಲೇಜುಗಳಿಗೆ ಅದೊಂದು ಹುಚ್ಚು. ಸ್ಪರ್ಧೆ ನಡೆದ ಪೀಥಂಪುರದಲ್ಲಿ ಪರಿಶೀಲಕರು ವೆಲ್ಡಿಂಗಿನಿಂದ ಹಿಡಿದು ಬೋಲ್ಟಿನವರೆಗೆ ನೋಡಿದ ಮೇಲೆ ಕಡೆಯದಾಗಿ ಬ್ರೇಕಿನ ಪರೀಕ್ಷೆ: ಓಡಿಸಿಕೊಂಡು ಬಂದು ಒತ್ತಿದರೆ ನಾಲ್ಕು ಚಕ್ರಗಳೂ ಒಟ್ಟಿಗೆ ಬಂಧಿತವಾಗಿ ನಿಲ್ಲಬೇಕು. ಮೂರು ನಿಂತು ಒಂದು ತಿರುಗಿದರೂ ಮರಳಿ ಹೋಗಿ ಸರಿಮಾಡಿಕೊಂಡು ಬರಬೇಕು. ಅಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ನಿಮ್ಮ ಕಚೇರಿಗಳಲ್ಲಿ ಹಾಗೇಕಿಲ್ಲ?

ಹಿರಿಯರು — ಇಷ್ಟು ಹೊತ್ತಿಗೆ ನೀನು ಕೇಳಬೇಕಾದುದನ್ನು ಕೇಳಿದೆ. ನಾನು ಸೇರಿದಾಗ ಇನ್ನೂ 1939ರ ಕಾಯಿದೆ ನಡೆಯುತ್ತಿತ್ತು. ಯಾವ ಊರೆಂಬುದು ಬೇಡ. ಕಚೇರಿಯ ಮುಂದಿನ ರಸ್ತೆಯೇ ನಮ್ಮ ಪರೀಕ್ಷಾಂಗಣ. ಬೆಳಗ್ಗೆ ಹತ್ತರಿಂದ ಒಂದರೊಳಗೆ ಅರವತ್ತು ಎಪ್ಪತ್ತು ಬಂಡಿ. ಒಂದೊಂದಕ್ಕೆ ಎರಡೂವರೆ ನಿಮಿಷ ಸಿಕ್ಕಿದರೆ ಅದೃಷ್ಟ. ನಾನು ಬೆಳಗ್ಗೆ ನಪಾಸು ಮಾಡಿ ಕಳುಹಿಸಿದ ರಿಕ್ಷಾ ಸಾಯಂಕಾಲ ಇನ್ನೊಬ್ಬ ನಿರೀಕ್ಷಕರ ಕೈಯಲ್ಲಿ ಪಾಸಾಗಿ ನನ್ನ ಮುಂದೆಯೇ ಹಾರ್ನು ಬಾರಿಸಿಕೊಂಡು ಹೋದದ್ದುಂಟು. ಅವರು ಅಪ್ರಾಮಾಣಿಕರಾಗಿದ್ದರೆಂದು ನಾನು ಹೇಳಲಾರೆ. ಅವರ ಕೈಗೆ ಆ ಸಡಿಲ ಸಾಲದಾಯಿತು, ನನ್ನ ಕೈಗೆ ಹೆಚ್ಚಾಯಿತು. ಅಪ್ರಾಮಾಣಿಕತೆಯ ಕಥೆ ಬೇರೆ. ಅದನ್ನು ಎಲ್ಲರೂ ಹೇಳುತ್ತಾರೆ, ಹೇಳಿ ಒಂದು ಬಗೆಯ ಸಮಾಧಾನವನ್ನೂ ಪಡೆಯುತ್ತಾರೆ. ಒಳ್ಳೆಯವರಿಬ್ಬರು ಒಂದೇ ಬಂಡಿಯನ್ನು ಒಂದೇ ದಿನ ನೋಡಿ ಎರಡು ಮಾತು ಹೇಳುವುದಿದೆಯಲ್ಲ, ಅದು ನನ್ನನ್ನು ಹೆಚ್ಚು ಕಾಡಿದೆ.

ತರುಣ — ಬಾಡಿಗೆ ಟೈರಿನ ವಿಷಯ ಕೇಳಿದ್ದೇನೆ. ಅದು ನಿಜವೆ?

ಹಿರಿಯರು — ನಿಜವಲ್ಲದೆ ಏನು! ಮದುವೆಯ ಮನೆಗೆ ಎರವಲು ಒಡವೆ ಬರುವುದಿಲ್ಲವೆ, ಹಾಗೆ. ಕಚೇರಿಯ ಹಿಂದಿನ ಗಲ್ಲಿಯಲ್ಲಿ ಒಂದೊಳ್ಳೆಯ ಟೈರಿನ ಜೋಡಿ ಇರುತ್ತಿತ್ತು; ಬೆಳಗ್ಗೆ ಒಂದು ಟೆಂಪೋದ ಕಾಲಿಗೆ, ಮಧ್ಯಾಹ್ನ ಇನ್ನೊಂದರ ಕಾಲಿಗೆ. ಒಂದು ಟೈರಿನ ಪಕ್ಕದಲ್ಲಿ ಅರ್ಧಚಂದ್ರಾಕಾರದ ಗಾಯವೊಂದಿತ್ತು. ಒಂದೇ ವಾರದಲ್ಲಿ ನಾಲ್ಕು ಬಂಡಿಗಳ ಮೇಲೆ ಅದು ನನಗೆ ದರ್ಶನ ಕೊಟ್ಟಿತು. ಕಡೆಗೆ ಅದರ ಕ್ಷೇಮಸಮಾಚಾರ ವಿಚಾರಿಸುವಷ್ಟು ಸಲುಗೆಯಾಯಿತು.

ತರುಣ — ಅದಕ್ಕೇ ಯಂತ್ರ ಬೇಕೆನ್ನುವುದು. ಪುಣೆಯಿಂದಲೇ ಅಲ್ಲವೆ ಮೊಕದ್ದಮೆ ಹೋದದ್ದು?

ಹಿರಿಯರು — ಹೌದು. ಪುಣೆಯ ನಾಗರಿಕರೊಬ್ಬರು ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ಕಚೇರಿಗಳಲ್ಲಿ ಬ್ರೇಕು ಪರೀಕ್ಷಿಸಲು ಜಾಗವೇ ಇಲ್ಲದೆ ಯೋಗ್ಯತಾಪತ್ರ ಹೊರಡುತ್ತಿದೆಯೆಂಬುದು ಅವರ ಆಕ್ಷೇಪ. 2016ರಲ್ಲಿ ನ್ಯಾಯಾಲಯ 250 ಮೀಟರಿನ ಟ್ರ್ಯಾಕು ಇರಲೇಬೇಕು, ಅಲ್ಲಿ ಓಡಿಸಿ ನೋಡದೆ ಪತ್ರ ಕೊಡಕೂಡದು ಎಂದಿತು. ಊರೊಳಗೆ ಅಷ್ಟು ನೆಲ ಎಲ್ಲಿಂದ ಬರಬೇಕು? ಹಾಗಾಗಿ ಪುಣೆಯ ಲಾರಿ ಬಸ್ಸುಗಳಿಗೆ ಸಾಸವಡದ ದಾರಿಯಲ್ಲಿ, ದಿವೆ ಘಾಟಿನ ಮೇಲೆ ಟ್ರ್ಯಾಕಾಯಿತು. ಆಷಾಢದ ಏಕಾದಶಿಯ ಯಾತ್ರೆಗೆ ಹೊರಟ ಜ್ಞಾನೇಶ್ವರರ ಪಾಲಖಿ ಹತ್ತುವ ಘಾಟು ಅದು. ಕೆಳಗೆ ಮಸ್ತಾನಿಯ ಕೆರೆ. ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ತಿಳಿಯದ ಬಂಡಿ ಘಾಟು ಹತ್ತಿ ಹೋಗಬೇಕು. ಸರಿಯಿಲ್ಲವೆಂದು ಅಲ್ಲಿ ತೀರ್ಮಾನವಾದರೆ ಅದೇ ಘಾಟನ್ನು ಇಳಿದು ಬರಬೇಕು. ಹತ್ತುವಾಗ ಎಂಜಿನಿನ ಪರೀಕ್ಷೆ, ಮೇಲೆ ಬ್ರೇಕಿನ ಪರೀಕ್ಷೆ, ಇಳಿಯುವಾಗ ಪರೀಕ್ಷೆಯದೇ ಪರೀಕ್ಷೆ! ಆದರೂ ಆ ಆಜ್ಞೆ ಬಹಳ ದೊಡ್ಡ ಉಪಕಾರ ಮಾಡಿತು. ಎತ್ತನ್ನು ಹತ್ತು ಹೆಜ್ಜೆ ನಡೆಸಿ ನೋಡಿರೆಂದು ಮೊದಲ ಸಲ ಯಾರೋ ಗಟ್ಟಿಯಾಗಿ ಹೇಳಿದಂತಾಯಿತು.

ತರುಣ — ಈಗ ಸ್ವಯಂಚಾಲಿತ ಕೇಂದ್ರಗಳ ಕಾಲ ಬರುತ್ತಿದೆ. ರೋಲರಿನ ಮೇಲೆ ಚಕ್ರ ಇಟ್ಟರೆ ಬ್ರೇಕಿನ ಬಲ ಅಂಕೆಯಲ್ಲಿ ಬರುತ್ತದೆ. ಎಡಬಲದ ವ್ಯತ್ಯಾಸ ಕಾಣುತ್ತದೆ. ತಟ್ಟೆಯ ಮೇಲೆ ನಿಲ್ಲಿಸಿ ಅಲುಗಿಸಿದರೆ ಕೀಲಿನ ಸಡಿಲ ತಿಳಿಯುತ್ತದೆ. ನಿಮ್ಮ ಕೈ, ಅವರ ಕೈ ಎಂಬ ಭೇದವಿಲ್ಲ. ನೀವು ಬೇಸರಪಡಬಾರದು ಕಾಕಾ, ಕೈಯ ಜ್ಞಾನ ಕೈಯೊಡನೆಯೇ ನಿವೃತ್ತವಾಗುತ್ತದೆ. ಯಂತ್ರದ ಜ್ಞಾನ ಬದಲಿ ಯಂತ್ರಕ್ಕೆ ಹೋಗುತ್ತದೆ.

ಹಿರಿಯರು — ಬೇಸರವೇಕೆ? ನನಗೆ ಆಗ ಅಂಥದೊಂದು ರೋಲರು ಸಿಕ್ಕಿದ್ದರೆ ಅರ್ಧ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಆ ಕೇಂದ್ರಗಳ ನಿಯಮ ರಚಿಸಿತು. ಕಡ್ಡಾಯವಾಗುವ ದಿನ ಒಂದಾದ ಮೇಲೊಂದರಂತೆ ಮುಂದೆ ಹೋಗಿ 2024ರ ಅಕ್ಟೋಬರ್ 1ಕ್ಕೆ ಬಂತು. ಆಗಲಿ, ಒಳ್ಳೆಯದೇ. ಆದರೆ ನಿನ್ನ ಈ ಬಂಡಿಯನ್ನೇ ರೋಲರಿನ ಮೇಲೆ ಹತ್ತಿಸು. ಹಿಂದಿನ ಅಚ್ಚು ಒಂದೇ ಸರಳು ಎಂದೆನಲ್ಲ, ಒಂದು ಚಕ್ರವನ್ನು ತಿರುಗಿಸಿದರೆ ಇನ್ನೊಂದೂ ತಿರುಗಬೇಕು. ಬ್ರೇಕಿನ ಡಿಸ್ಕೂ ಅಚ್ಚಿನ ನಡುವೆ ಒಂದೇ. ಎಡದ ಬ್ರೇಕೆಷ್ಟು, ಬಲದ ಬ್ರೇಕೆಷ್ಟು ಎಂದು ಯಂತ್ರ ಕೇಳಿದರೆ, ಆ ಪ್ರಶ್ನೆಗೇ ಅರ್ಥವಿಲ್ಲ. ಆದರೂ ಯಂತ್ರ ಏನಾದರೊಂದು ಅಂಕೆಯನ್ನು ಬರೆದೇ ಬರೆಯುತ್ತದೆ, ದಶಾಂಶಸಹಿತವಾಗಿ! ಬಂಡಿ ಹಗುರವಾದುದರಿಂದ ಟೈರು ರೋಲರಿನ ಮೇಲೆ ಬೇಗನೆ ಜಾರಿ ಬಲವೂ ಕಡಿಮೆ ತೋರೀತು. ಇಂಥವನ್ನು ಬಯಲಿನಲ್ಲಿ ಓಡಿಸಿ, ವೇಗ ಎಷ್ಟು ಬೇಗ ಇಳಿಯಿತೆಂದು ಅಳೆಯುವುದೇ ಸರಿ. ನನ್ನ ಕೈ ತಪ್ಪಿದಾಗ ಅದು ತಪ್ಪೆಂದು ಯಾರಾದರೂ ಸಂಶಯಪಡುತ್ತಿದ್ದರು. ಅಂಕೆಯ ಮೇಲೆ ಸಂಶಯಪಡುವುದಕ್ಕೆ ಧೈರ್ಯ ಬೇಕು.

ತರುಣ — ಅದು ವಿಚಿತ್ರ ಬಂಡಿಯ ಮಾತಾಯಿತು. ಸಾಮಾನ್ಯ ಲಾರಿಗೆ?

ಹಿರಿಯರು — ಲಾರಿಗೆ ಯಂತ್ರವೇ ಮೇಲು; ಒಪ್ಪಿದೆ. ಆದರೆ ಒಂದು ಕೊರತೆ ಕೈಗೂ ಇತ್ತು, ಯಂತ್ರಕ್ಕೂ ಇದೆ. ದೀಪಾವಳಿಯ ಹಿಂದಿನ ಒಂದು ಶುಕ್ರವಾರ. ಸಾಲಿನ ಕಡೆಯಲ್ಲಿ ಒಂದು ಟೆಂಪೋ. ಸ್ಟಿಯರಿಂಗಿನಲ್ಲಿ ಸಡಿಲವಿತ್ತು, ಇಂದು ನಿನ್ನ ಚಕ್ರದಲ್ಲಿ ಕೇಳಿದಂಥದೇ ಕಟಕಟ. ಚಾಲಕ ಬಡವ, ಹಬ್ಬದ ನಾಲ್ಕು ಬಾಡಿಗೆ ತಪ್ಪಿದರೆ ಮನೆಯಲ್ಲಿ ಕತ್ತಲೆ ಎಂದ. ಹಣ ಕೊಡಲು ಬರಲಿಲ್ಲ, ಕೊಟ್ಟಿದ್ದರೆ ನಪಾಸು ಮಾಡುವುದು ಸುಲಭವಾಗುತ್ತಿತ್ತು. ಹಬ್ಬ ಮುಗಿದೊಡನೆ ಮಾಡಿಸು ಎಂದು ಹೇಳಿ ಸಹಿ ಹಾಕಿದೆ.

ತರುಣ — ಏನಾಯಿತು?

ಹಿರಿಯರು — ತಿಳಿಯದು. ಅದನ್ನೇ ಹೇಳುತ್ತಿದ್ದೇನೆ. ವೈದ್ಯನಿಗೆ ತನ್ನ ರೋಗಿ ಬದುಕಿದನೋ ಸತ್ತನೋ ಒಂದಲ್ಲ ಒಂದು ದಿನ ತಿಳಿಯುತ್ತದೆ. ಅಡಿಗೆಯವನಿಗೆ ಎಲೆಯ ಮೇಲೆ ಉಳಿದದ್ದು ಕಾಣುತ್ತದೆ. ನಾನು ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಬಂಡಿಗಳಿಗೆ ಸಹಿ ಹಾಕಿದೆನೋ, ಅವುಗಳಲ್ಲಿ ಯಾವುದು ಯಾವ ತಿರುವಿನಲ್ಲಿ ಏತಕ್ಕಾಗಿ ಉರುಳಿತೆಂಬ ಸುದ್ದಿ ಒಂದೂ ನನ್ನ ಮೇಜಿಗೆ ತಿರುಗಿ ಬರಲಿಲ್ಲ. ಅಪಘಾತದ ಪಂಚನಾಮೆ ಪೊಲೀಸರಲ್ಲಿ, ವಿಮೆಯ ಕಾಗದ ಕಂಪನಿಯಲ್ಲಿ, ನನ್ನ ಸಹಿ ನನ್ನ ದಫ್ತರದಲ್ಲಿ. ಮೂರೂ ಒಂದನ್ನೊಂದು ಕಂಡವಲ್ಲ. ನನ್ನ ಕೈ ಮೃದುವೋ ಕಠಿಣವೋ ಎಂದು ನನಗೆ ಕಲಿಸಬೇಕಾದ ಗುರು ರಸ್ತೆ. ಆ ಗುರು ನನ್ನ ಉತ್ತರಪತ್ರಿಕೆಯನ್ನು ತಿದ್ದಿದ, ಆದರೆ ಹಿಂದಿರುಗಿಸಲಿಲ್ಲ. ಬ್ರಿಟನ್ನಿನಲ್ಲಿ 1960ರಿಂದ ಎಂ.ಓ.ಟಿ. ಎಂಬ ಪರೀಕ್ಷೆಯಿದೆ, ರಸ್ತೆಗೆ ನೋಂದಾಯಿಸಿದ ಕ್ವಾಡ್ ಕೂಡ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಅದಕ್ಕೆ ಒಳಗಾಗಬೇಕು. ಅಲ್ಲಿ ಬಂಡಿಯ ನಂಬರು ಹೇಳಿದರೆ ಅದು ಯಾವ ವರ್ಷ ಏತಕ್ಕೆ ನಪಾಸಾಯಿತು, ಎಷ್ಟು ದೂರ ಓಡಿತ್ತು ಎಂಬ ಚರಿತ್ರೆಯನ್ನು ಯಾರು ಬೇಕಾದರೂ ನೋಡಬಹುದು. ಮತ್ತೊಂದು ಸೊಗಸು: ಪಾಸು ನಪಾಸುಗಳ ನಡುವೆ ಎಚ್ಚರಿಕೆ ಎಂಬುದೊಂದಿದೆ, ಇಂದು ಪರವಾಗಿಲ್ಲ, ಈ ಕೀಲು ಸವೆಯಲಾರಂಭಿಸಿದೆ, ನೋಡಿಕೋ ಎಂದು ಬರೆದುಕೊಡುತ್ತಾರೆ. ಆ ಶುಕ್ರವಾರ ನನಗೆ ಬೇಕಾಗಿದ್ದುದು ಅಂಥದೊಂದು ಕಾಗದ. ನನ್ನಲ್ಲಿ ಇದ್ದುದು ಬಾಯಿಮಾತು.

ತರುಣ — ಆದರೆ ಕಾಕಾ, ಎಷ್ಟು ನೋಡಿದರೂ ಅದು ಆ ದಿನದ ಮಾತೇ. ಎಂಟು ವರ್ಷದೊಳಗಿನ ಬಾಡಿಗೆಯ ಬಂಡಿಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ. ಖಾಸಗಿ ಕಾರಾದರೆ 15 ವರ್ಷ ಯಾರೂ ಮುಟ್ಟುವುದಿಲ್ಲ.

ಹಿರಿಯರು — ಅದಕ್ಕಾಗಿಯೇ ನಿನಗೆ ಬ್ರೇಕು ಹಿಡಿದು ಚಕ್ರ ಅಲುಗಿಸುವ ವಿದ್ಯೆ ಹೇಳಿದೆ. ಭಾನುವಾರಕ್ಕೊಮ್ಮೆ ಎರಡು ನಿಮಿಷ. ಆದರೆ ಇನ್ನೊಂದುಂಟು, ಅದನ್ನು ಯಾವ ಪರೀಕ್ಷೆಯೂ ಹಿಡಿಯಲಾರದು. ಈ ಬಂಡಿಯಲ್ಲಿ ಪ್ರತಿಯೊಂದು ಕೀಲೂ ಹೊಸದಾದರೂ ಇದು ಎತ್ತರ ಹೆಚ್ಚು, ಅಗಲ ಕಡಿಮೆ; ಸವಾರನೇ ಮೈಯನ್ನು ಆ ಕಡೆ ಈ ಕಡೆ ವಾಲಿಸಿ ತೂಕ ಸರಿಮಾಡಬೇಕು. ಇಂಥದೇ ಮೂರು ಚಕ್ರದ್ದನ್ನು ಹೋಂಡಾದವರು 1970ರಲ್ಲಿ ತಂದರು, ಮಕ್ಕಳು ಮರಿ ಅದರ ಮೇಲೆ ಉರುಳಿ ಉರುಳಿ, 1988ರಲ್ಲಿ ಅಮೆರಿಕದ ಸರ್ಕಾರದೊಡನೆ ಒಪ್ಪಂದವಾಗಿ ಅದರ ಮಾರಾಟ ನಿಂತಿತು; ನಾಲ್ಕು ಚಕ್ರದ್ದು ಉಳಿದುಕೊಂಡಿತು. ಆಸ್ಟ್ರೇಲಿಯದ ಒಕ್ಕಲಿಗರು ಕುರಿ ಕಾಯಲು ಇದನ್ನೇ ಏರುತ್ತಾರೆ. ಮಗುಚಿದ ಬಂಡಿಯ ಅಡಿಯಲ್ಲಿ ಸಿಕ್ಕಿ ಸಾಯುವವರು ಹೆಚ್ಚಾದುದರಿಂದ 2021ರ ಅಕ್ಟೋಬರಿನಿಂದ ಹೊಸ ಬಂಡಿಗಳಿಗೆ ಹಿಂದೆ ಕಬ್ಬಿಣದ ಕಮಾನು ಇರಲೇಬೇಕೆಂದು ಅಲ್ಲಿ ಕಟ್ಟಾಜ್ಞೆ. ಅವರಲ್ಲಿ ಸತ್ತವರ ಲೆಕ್ಕ ಬಂಡಿ ಕಟ್ಟುವವನವರೆಗೆ ತಿರುಗಿ ಹೋಯಿತು, ನೋಡು. ನಿನ್ನ ತೋಟ ಇಳಿಜಾರಿನಲ್ಲಿದೆಯೊ?

ತರುಣ — ಪುರಂದರದ ಸೀಮೆಯಲ್ಲಿ ಇಳಿಜಾರಲ್ಲದ ತೋಟ ಯಾವುದು? ಮೆಟ್ಟಿಲು ಮೆಟ್ಟಿಲಾಗಿದೆ.

ಹಿರಿಯರು — ಹಾಗಾದರೆ ಇಳಿಜಾರಿಗೆ ಅಡ್ಡಲಾಗಿ ಓಡಿಸಬೇಡ. ಬುಟ್ಟಿಯನ್ನು ಹಿಂದೆ ಎತ್ತರಕ್ಕೆ ಹೇರಬೇಡ. ಆಳಿನ ಮಗನಿಗೆ ಬೀಗದ ಕೈ ಕೊಡಬೇಡ. ಎರಡು ಬಾಲ್ ಜಾಯಿಂಟು, ಒಂದು ಜೊತೆ ಟೈ ರಾಡ್ ಎಂಡು, ಬ್ರೇಕಿನ ಪ್ಯಾಡು, ಇಷ್ಟನ್ನು ಹಾಕಿಸುವವರೆಗೆ ಎಂಜಿನು ಚಾಲೂ ಮಾಡಬೇಡ. ತೋಟಕ್ಕೆ ಹೇಗೆ ಒಯ್ಯುತ್ತೀಯೆ?

ತರುಣ — ಟೆಂಪೋ ಹೇಳಿದ್ದೇನೆ. ಹಡಪಸರ ದಾಟಿ ದಿವೆ ಘಾಟಿನ ಮೇಲಿಂದಲೇ ಹೋಗಬೇಕು. ಅಗೋ, ಬಂದೇ ಬಿಟ್ಟಿತು.

ಟೆಂಪೋ ಗೇಟಿನ ಬಳಿ ಹಿಮ್ಮುಖವಾಗಿ ನಿಂತಿತು. ಚಾಲಕ ಇಳಿದು ಹಲಗೆ ಹಾಸಿದ; ಮೂವರೂ ನೂಕಿ ಬಂಡಿಯನ್ನು ಮೇಲೇರಿಸಿದರು; ಹಗ್ಗ ಬಿಗಿದದ್ದಾಯಿತು. ಹಿರಿಯರು ಮಾತ್ರ ಹಿಂದಿನ ಚಕ್ರದ ಬಳಿ ಮೊಣಕಾಲೂರಿ ಕುಳಿತುಬಿಟ್ಟಿದ್ದರು. ಹೊಚ್ಚ ಹೊಸ ಟೈರು; ಬೆರಳಿನಿಂದ ಅದರ ಪಕ್ಕವನ್ನು ಮೆಲ್ಲನೆ ಸವರುತ್ತಿದ್ದರು.

“ಚಿಂತೆ ಬೇಡ, ಸಾಹೇಬ್,” ಎಂದ ಚಾಲಕ ಮರಾಠಿಯಲ್ಲಿ, “ಮೊನ್ನೆಯಷ್ಟೇ ಪಾಸಿಂಗ್ ಆಗಿದೆ.”

“ಆಗಿರಬೇಕು,” ಎಂದರು ಹಿರಿಯರು. “ಈ ಟೈರು ಇದರದೇ ಏನಪ್ಪಾ?”

ಚಾಲಕ ತರುಣನ ಮುಖವನ್ನೊಮ್ಮೆ, ಹಿರಿಯರ ಮುಖವನ್ನೊಮ್ಮೆ ನೋಡಿ, ನಕ್ಕು, ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿಯತೊಡಗಿದ.